28 ದಿನದ ಸಾಹುಕಾರರು

ಮಗನನ್ನು ಲಂಡನ್ನಿಗೆ ಓದಲು ಕಳಿಸಬೇಕೇ? ನಿಮ್ಮ ಬಳಿ ದುಡ್ಡಿರಬೇಕೆಂದೇನಿಲ್ಲ. 28 ದಿನ ಇದ್ದಂತೆ ಕಂಡರೆ ಸಾಕು.

ತಮಾಷೆಯಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾ ನಿಯಮವೇ ಹಾಗಿದೆ. ಮೊದಲ ವರ್ಷದ ಫೀಸಿನಲ್ಲಿ ಬಾಕಿ ಉಳಿದದ್ದು, ಜೊತೆಗೆ ಒಂಬತ್ತು ತಿಂಗಳವರೆಗಿನ ಜೀವನ ಖರ್ಚು. ಇಷ್ಟೂ ಹಣ ಖಾತೆಯಲ್ಲಿ ಸತತ 28 ದಿನ ಅಲ್ಲಾಡದೆ ಕೂತಿರಬೇಕು. ಲಂಡನ್ನಿನ ಖರ್ಚಿನ ಲೆಕ್ಕವನ್ನು 2025ರ ಜನವರಿಯಲ್ಲಿ ತಿಂಗಳಿಗೆ 1,334 ಪೌಂಡಿನಿಂದ 1,483ಕ್ಕೆ ಏರಿಸಿದರು. ಒಂಬತ್ತರಿಂದ ಗುಣಿಸಿ. ಹದಿನಾಲ್ಕು ಲಕ್ಷ ರೂಪಾಯಿ ದಾಟುತ್ತದೆ. ಫೀಸು ಬೇರೆ. ನಡುವೆ ಒಂದು ದಿನ ಮೊತ್ತ ಕೆಳಗಿಳಿದರೆ ಕಥೆ ಮುಗಿಯಿತು. ಅರ್ಜಿ ಹಾಕುವ ದಿನ ರೂಪಾಯಿ ಕುಸಿದು ಮೊತ್ತ ಸಾಲದೆ ಹೋದರೂ ತಪ್ಪು ನಿಮ್ಮದೇ.

ಇಂಥ ನಿಯಮ ಬಂದ ಮೇಲೆ ಅಂಗಡಿ ತೆರೆಯಲು ನಮ್ಮವರಿಗೆ ಎಷ್ಟು ಹೊತ್ತು? "ಫಂಡ್ಸ್ ನಾವೇ ತೋರಿಸ್ತೀವಿ ಸಾರ್, ನೀವು ಟೆನ್ಷನ್ ಮಾಡ್ಕೋಬೇಡಿ" ಎನ್ನುತ್ತಾನೆ ಏಜೆಂಟ್. ತಿಂಗಳ ಮಟ್ಟಿಗೆ ಹಣ ಬರುತ್ತದೆ. ಬಡ್ಡಿ ಮೊದಲೇ ಮುರಿದುಕೊಂಡಿರುತ್ತಾರೆ. ಸಹಿ ಹಾಕಿದ ಚೆಕ್ಕು ಅವರ ಜೇಬಿನಲ್ಲಿರುತ್ತದೆ. ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಹಣ ಬಂದ ದಾರಿಯಲ್ಲೇ ಹೋಗುತ್ತದೆ. ಹೆಣ್ಣು ನೋಡಲು ಬಂದವರೆದುರು ಪಕ್ಕದ ಮನೆಯ ಸರ ಹಾಕಿಸಿ ಕೂರಿಸಿದ ಹಾಗೆ. ಇಲ್ಲಿ ಸರಕ್ಕೆ ಬಾಡಿಗೆಯೂ ಇದೆ.

ಈಗ ನಿಜವಾಗಿ ದುಡ್ಡಿರುವವರ ಪಾಡು ನೋಡಿ.

ನಮ್ಮಲ್ಲಿ ಎಷ್ಟೋ ಹುಡುಗರ ಫೀಸು ಕಟ್ಟುವವನು ಸೋದರಮಾವ. ಆತನ ಖಾತೆಯ ಹಣ ಲೆಕ್ಕಕ್ಕಿಲ್ಲ. ವಿದ್ಯಾರ್ಥಿಯದೋ, ಅಪ್ಪ ಅಮ್ಮನದೋ, ಕಾನೂನುಬದ್ಧ ಪೋಷಕರದೋ ಆಗಿರಬೇಕು. ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರ ಪಿಎಫ್ ಲೆಕ್ಕಕ್ಕಿಲ್ಲ. ಷೇರು ಲೆಕ್ಕಕ್ಕಿಲ್ಲ. ರಕ್ತಸಂಬಂಧಿಯ ಬೆವರಿನ ಹಣ ಅನುಮಾನಾಸ್ಪದ. ಬಡ್ಡಿಯವನ ಹಣ ಅಪ್ಪನ ಖಾತೆಯಲ್ಲಿ ನಾಲ್ಕು ವಾರ ಮಲಗೆದ್ದರೆ ಪರಿಶುದ್ಧ.

ಎಲ್ಲ ದೇಶದವರಿಗೂ ಹೀಗೇ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅರ್ಜಿಯ ಜೊತೆ ಈ ಹಣದ ಕಾಗದ ಲಗತ್ತಿಸಬೇಕಾಗಿಲ್ಲದ ದೇಶಗಳ ಪಟ್ಟಿಯೊಂದನ್ನು ಬ್ರಿಟನ್ ಇಟ್ಟುಕೊಂಡಿದೆ. 2018ರಲ್ಲಿ ಅದಕ್ಕೆ ಚೀನಾ ಸೇರಿತು. ಭಾರತ ಸೇರಲಿಲ್ಲ. ನಮ್ಮವರ ಫೀಸು ಮಾತ್ರ ಪೂರ್ತಿ ನಂಬಿಕಸ್ಥ.

ಅಮೆರಿಕದ್ದು ಇನ್ನೊಂದು ನಾಟಕ. ಅಲ್ಲಿನ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ, ನೀವು ಅಲ್ಲೇ ಬೇರೂರಲು ಹೊರಟವರು ಎಂದೇ ಮೊದಲು ಭಾವಿಸುತ್ತಾರೆ. ಅಲ್ಲವೆಂದು ನೀವು ನಂಬಿಸಬೇಕು. ಊರಿಗೆ ಮರಳುತ್ತೀರಿ ಎನ್ನಲು ಆಧಾರ? ಊರಲ್ಲಿರುವ ಮನೆ. ಓದಲು ದುಡ್ಡಿದೆ ಎನ್ನಲು ಆಧಾರ? ಅದೇ ಮನೆಯನ್ನು ಅಡವಿಟ್ಟು ಎತ್ತಿದ ಸಾಲ. ಆ ಸಾಲ ತೀರಿಸಬೇಕಾದರೆ ಹುಡುಗ ಅಲ್ಲೇ ಡಾಲರಿನಲ್ಲಿ ದುಡಿಯಬೇಕು. ಕಿಟಕಿಯ ಆಚೆ ಇರುವ ಅಧಿಕಾರಿಗೂ ಗೊತ್ತು. ಈಚೆ ಇರುವ ಹುಡುಗನಿಗೂ ಗೊತ್ತು. ಇಬ್ಬರೂ ಗಂಭೀರವಾಗಿ ನಿಂತಿರುತ್ತಾರೆ.

ನಮ್ಮ ಜನವೇನು ಕಡಿಮೆಯೇ?

ಕರ್ನಾಟಕದಲ್ಲಿ ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರದ ಆದಾಯದವರಿಗೆ ಬಿಪಿಎಲ್ ಕಾರ್ಡು. ನಾಡಕಚೇರಿಯ ಕಿಟಕಿಯಲ್ಲಿ ಕಡುಬಡವನಾಗಿ ನಿಂತಾತನೇ ಮಧ್ಯಾಹ್ನ ಸಿಎ ಕಚೇರಿಯಲ್ಲಿ ಕೋಟ್ಯಧೀಶ. ನೋಂದಣಿಗೆ ಹೋದಾಗ ಮಾರ್ಗಸೂಚಿ ದರಕ್ಕಿಂತ ಒಂದು ರೂಪಾಯಿ ಮೇಲೇಳದ ಸೈಟು, ನೆಟ್‌ವರ್ತ್ ಸರ್ಟಿಫಿಕೇಟಿನಲ್ಲಿ ಉಬ್ಬಿ ನಿಲ್ಲುತ್ತದೆ. ಸಾಲಮನ್ನಾ ಅರ್ಜಿಯಲ್ಲಿ ಕೊಳೆರೋಗಕ್ಕೆ ಬಲಿಯಾದ ಅಡಿಕೆ ತೋಟ ವೀಸಾ ಅರ್ಜಿಯಲ್ಲಿ ಗೊನೆ ಬಿಡುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ಎಷ್ಟು ಬೇಕಾದರೂ ಬಿಡಲಿ.

ಇದೇ ಮಹನೀಯರು ಸಂಜೆ ವಾಕಿಂಗ್‌ನಲ್ಲಿ ಭ್ರಷ್ಟಾಚಾರದ ಬಗ್ಗೆ ಭಾಷಣ ಬಿಗಿಯುತ್ತಾರೆ. "ಅದಕ್ಕೇ ಸಾರ್, ಮಗನ್ನ ಹೊರಗೆ ಕಳಿಸ್ತಿರೋದು." ಕಳಿಸುತ್ತಿರುವುದು ಯಾವ ಕಾಗದದ ಮೇಲೆ ಎಂದು ಕೇಳಿ ನೋಡಿ. ವಾಕಿಂಗ್ ಚುರುಕಾಗುತ್ತದೆ.

ಅತ್ತ ದೇಶಗಳು ತೋರಿಸಬೇಕಾದ ಮೊತ್ತವನ್ನು ಏರಿಸುತ್ತಲೇ ಇವೆ. ಕೆನಡಾ ವರ್ಷಗಟ್ಟಲೆ 10,000 ಕೆನಡಿಯನ್ ಡಾಲರ್ ಕೇಳುತ್ತಿತ್ತು. 2024ರ ಜನವರಿಯಿಂದ ಒಂದೇ ಏಟಿಗೆ 20,635. ಆಸ್ಟ್ರೇಲಿಯಾ ಅದೇ ವರ್ಷದ ಮೇ ತಿಂಗಳಲ್ಲಿ ತನ್ನ ಲೆಕ್ಕವನ್ನು 29,710 ಆಸ್ಟ್ರೇಲಿಯನ್ ಡಾಲರಿಗೆ ಒಯ್ದಿತು. ಬಂದ ವಿದ್ಯಾರ್ಥಿಗಳು ಕಷ್ಟಪಡಬಾರದಂತೆ. ಎಂಥ ಕರುಣೆ! ಅಷ್ಟು ಕಾಳಜಿ ಇದ್ದರೆ ಸ್ಥಳೀಯ ಹುಡುಗನಿಗೊಂದು, ಪರದೇಶಿ ಹುಡುಗನಿಗೊಂದು ಫೀಸು ಏಕೆ? ಈ ಪರದೇಶಿ ಫೀಸು ನಿಂತರೆ ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ಖರ್ಚು ತೂಗಿಸಲಾರವು. ಕೈಯೊಡ್ಡಿ ನಿಂತವರೇ ನಮ್ಮ ಜೇಬು ಮುಟ್ಟಿ ನೋಡುತ್ತಿದ್ದಾರೆ.

ಇಷ್ಟೆಲ್ಲ ಜರಡಿ ಹಿಡಿದು ಆರಿಸಿದ್ದು ಯಾರನ್ನು? ಏಜೆಂಟನ ನಂಬರು ಇದ್ದವನನ್ನು. ಉದುರಿದ್ದು ಯಾರು? ಪಿಎಫ್ ಪಾಸ್‌ಬುಕ್ಕನ್ನೇ ಆಸ್ತಿ ಎಂದು ನಂಬಿದ ಮೇಷ್ಟ್ರ ಮಗಳು. ಅವಳು ಓದಬಲ್ಲಳೇ ಎಂದು ವಿಶ್ವವಿದ್ಯಾಲಯ ಪರೀಕ್ಷಿಸಿ ಒಪ್ಪಿತ್ತು. ಅವಳಪ್ಪನಿಗೆ ಸುಳ್ಳು ಹೇಳಲು ಬರುತ್ತದೆಯೇ ಎಂಬ ಪರೀಕ್ಷೆಯಲ್ಲಿ ಅವಳು ಫೇಲು.

ಬಡವರ ಮಕ್ಕಳಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೇ ಬೋರ್ಡು ತಗುಲಿಸಬಹುದಲ್ಲ? ಹಾಗೆ ಮಾಡುವುದಿಲ್ಲ. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಅರ್ಜಿ ಶುಲ್ಕ 2024ರ ಜುಲೈನಲ್ಲಿ 710 ಡಾಲರಿನಿಂದ 1,600ಕ್ಕೆ, ಮರುವರ್ಷ 2,000ಕ್ಕೆ ಏರಿತು. ವೀಸಾ ಸಿಗದಿದ್ದರೂ ಆ ಹಣ ಮರಳುವುದಿಲ್ಲ. ಬೋರ್ಡು ಹಾಕಿದರೆ ಬಡವರು ಅರ್ಜಿಯನ್ನೇ ಹಾಕುವುದಿಲ್ಲವಲ್ಲ.