ನಾಳೆ ಬಾ ಎಂದರೆ ನಾಳೆಯೇ ಬರುವವರಿಗೊಂದು ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯ ಮೇಲೆ ಆಸೀನರಾಗಬೇಕಾಗಿದ್ದು ಸದ್ಯಕ್ಕೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆಸೀನರಾಗಿರುವ ಮಹಾದಾನಿಗಳೇ, ಮೊದಲ ಸಾಲಿನ ಕುರ್ಚಿಗೆ ಅಂಟಿಸಿದ್ದ ಚೀಟಿ ಕಿತ್ತು ಕೂತಿರುವ ಬಂಧುಗಳೇ, ಮತ್ತು ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ಯಾವಾಗ ತೆಗೆದಾರು ಎಂದು ಹಿಂದೆ ನಿಂತಿರುವ ಸಹೃದಯರೇ,

ಮಹಾದಾನಿಗಳು ಬರುವ ತನಕ ಸಭೆ ಚದುರದ ಹಾಗೆ ಏನಾದರೂ ಮಾಡಿ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಸುಗಮ ಸಂಗೀತ ಇಡಿಸೋಣವೆಂದರೆ ದುಡ್ಡಿಲ್ಲ. ಆದ್ದರಿಂದ ನಮ್ಮ ಡಯಾಲಿಸಿಸ್ ಟ್ರಸ್ಟಿಗೆ ಹದಿನೆಂಟು ವರ್ಷದಿಂದ ದೇಣಿಗೆ ತರುತ್ತಿರುವ ನಮ್ಮ ನಿಧಿ ಸಂಗ್ರಹಾಧಿಕಾರಿಗಳನ್ನು ಸನ್ಮಾನಿಸಿಬಿಡೋಣ ಎಂದು ಐದು ನಿಮಿಷದ ಹಿಂದೆ ಸರ್ವಾನುಮತದ ತೀರ್ಮಾನವಾಯಿತು. ಅವರು ಆಗ ಬ್ಯಾನರ್ ಕಟ್ಟಲು ಏಣಿ ಹತ್ತಿದ್ದರು. ಇಳಿಸಿ ಕೂರಿಸಿದ್ದೇವೆ. ಖಜಾಂಚಿಯಾದ ನಾನು ಅವರ ಗುಣಗಾನ ಮಾಡಬೇಕಂತೆ. ಮಾಡುತ್ತೇನೆ.

ತೊಂಬತ್ತರ ದಶಕದಲ್ಲಿ ಈ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ರಾತ್ರಿ ದೆವ್ವ ಬರುತ್ತಿತ್ತಂತೆ, ಬಾಗಿಲ ಮೇಲಿನದನ್ನು ಓದುತ್ತಿತ್ತಂತೆ, ಸರಿ ಎಂದು ಹೋಗುತ್ತಿತ್ತಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಅಕ್ಷರಸ್ಥ ದೆವ್ವ, ಮರ್ಯಾದಸ್ಥ ದೆವ್ವ. ಅದು ಆಮೇಲೆ ಎಲ್ಲಿ ಹೋಯಿತೆಂದು ಈ ಊರಿನಲ್ಲಿ ಒಬ್ಬರೂ ವಿಚಾರಿಸಲಿಲ್ಲ. ನಾನು ಹೇಳುತ್ತೇನೆ ಕೇಳಿ: ನಮ್ಮ ಟ್ರಸ್ಟಿನಲ್ಲಿ ಕೆಲಸಕ್ಕೆ ಸೇರಿತು.

ದಾನಿಗಳ ಭಾಷೆಗೆ ಒಂದು ನಿಘಂಟು ಬರೆಯುವುದಿದ್ದರೆ ಅದನ್ನು ಇವರೇ ಬರೆಯಬೇಕು. ‘ನೋಡೋಣ’ ಎಂದರೆ ಇಲ್ಲ. ‘ಒಂದು ಪ್ರಪೋಸಲ್ ಕಳಿಸಿ’ ಎಂದರೆ ನೋಡುವುದೂ ಇಲ್ಲ. ‘ಮನೇಲಿ ಒಂದು ಮಾತು ಕೇಳ್ತೀನಿ’ ಎಂದರೆ ಮಾತ್ರ ಇವರ ಕಣ್ಣು ಹೊಳೆಯುತ್ತದೆ. ಆ ಮನೆಯಲ್ಲಿ ಒಬ್ಬ ಅತ್ತೆಯೋ ಸೋದರಮಾವನೋ ವಾರಕ್ಕೆ ಮೂರು ದಿನ ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದ ಕಥೆಯೊಂದು ಇದ್ದೇ ಇರುತ್ತದೆಂಬುದು ಇವರ ಅನುಭವ. ಮೊದಲ ಸಲ ಹೋದಾಗ ಕಾಫಿ ಕುಡಿದು ಬರುತ್ತಾರೆ. ಎರಡನೇ ಸಲ ಅತ್ತೆಯ ಕಥೆ ಕೇಳಿಸಿಕೊಂಡು ಬರುತ್ತಾರೆ. ಮೂರನೇ ಸಲ ಅವರನ್ನೇ ಕರೆತಂದು ನಮ್ಮ ವಾರ್ಡು ತೋರಿಸುತ್ತಾರೆ. ದುಡ್ಡಿನ ಮಾತು ನಾಲ್ಕನೆಯ ಸಲ. ಆಗಲೂ ಅಂಕಿಯೊಂದನ್ನು ಹೇಳಿ ಬಾಯಿ ಮುಚ್ಚಿ ಕೂರುತ್ತಾರೆ. ಅಂಕಿ ಹೇಳಿದ ಮೇಲೆ ಮೊದಲು ಯಾರು ಬಾಯಿ ಬಿಡುತ್ತಾರೋ ಅವರು ಸೋತರು, ಇದು ಈ ವಿದ್ಯೆಯ ಬೀಜಮಂತ್ರ.

ಒಮ್ಮೆ ಜಯನಗರದ ಒಂದು ಮನೆಯಲ್ಲಿ ಆ ಮೌನ ಎಷ್ಟು ಉದ್ದವಾಯಿತೆಂದರೆ ಒಳಗೆ ಕುಕ್ಕರು ಒಂದು ಸಲ ಕೂಗಿತು, ಎರಡು ಸಲ ಕೂಗಿತು. ಮೂರನೆಯ ಸಲಕ್ಕೆ ಯಜಮಾನರು ಅಡುಗೆಮನೆಯ ಕಡೆ ತಿರುಗಿ ‘ಆಯ್ತು, ಆಯ್ತು’ ಎಂದರು. ಇವರು ಎದ್ದು ನಿಂತು, ಎರಡೂ ಕೈ ಮುಗಿದು, ‘ಬಹಳ ಉಪಕಾರವಾಯ್ತು ಸಾರ್’ ಎಂದುಬಿಟ್ಟರು. ಐದು ಲಕ್ಷ! ಅನ್ನ ಬೆಂದದ್ದಕ್ಕೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಆ ಸಂಭಾವಿತರಿಗೆ ಸಾಧ್ಯವಾಗಲಿಲ್ಲ.

ದೊಡ್ಡವರ ಮನೆಗೇ ಯಾಕೆ ಹೋಗುತ್ತೀರಿ ಎಂದು ನಾನೇ ಒಮ್ಮೆ ಕೇಳಿದ್ದೆ. 2003ರಲ್ಲಿ ನಮ್ಮ ರಾಜ್ಯದಲ್ಲೇ ಯಶಸ್ವಿನಿ ಯೋಜನೆ ಶುರುವಾದಾಗ ಸಹಕಾರ ಸಂಘದ ರೈತರು ಕಟ್ಟಿದ್ದು ತಿಂಗಳಿಗೆ ಐದೇ ರೂಪಾಯಿ, ಅದರಲ್ಲೇ ಆಪರೇಷನ್ ಆಗಲಿಲ್ಲವೇ ಎಂದೆ. ಇವರು ಪ್ಯಾಂಟು ಮಂಡಿಯವರೆಗೆ ಸರಿಸಿ ತೋರಿಸಿದರು. ‘ಅವರಿಗೆ ಊರೂರಿಗೆ ಸಹಕಾರ ಸಂಘ ಇತ್ತು. ನನಗಿರೋದು ಎರಡು ಮಂಡಿ, ಅದರಲ್ಲೂ ಒಂದು ಸವೆದಿದೆ. ಲಕ್ಷ ಮನೆಗೆ ಹೋಗಿ ಐದೈದು ರೂಪಾಯಿ ಕೇಳೋಕಾಗಲ್ಲ. ಒಂದು ಮನೆಗೆ ಹೋಗಿ ಐದು ಲಕ್ಷ ಕೇಳಬಹುದು.’

ಇನ್ನು ಸರ್ಕಾರದ ಕೃಪೆಯನ್ನು ನೆನೆಯದಿದ್ದರೆ ಬಿನ್ನವತ್ತಳೆ ಅಪೂರ್ಣ. 2013ರ ಕಂಪನಿ ಕಾಯ್ದೆ ಧರ್ಮಕ್ಕೂ ಒಂದು ದರ ಗೊತ್ತುಮಾಡಿತು. 500 ಕೋಟಿ ನಿವ್ವಳ ಸಂಪತ್ತೋ, 1,000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಲೋಕಕಲ್ಯಾಣಕ್ಕೆ ವೆಚ್ಚ ಮಾಡಬೇಕು. ಹೀಗಾಗಿ ಹನ್ನೊಂದು ತಿಂಗಳು ಒಣಗಿರುವ ಕರುಣೆ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಒಮ್ಮೆಲೇ ಕೋಡಿ ಬೀಳುತ್ತದೆ. ಆ ವಾರ ಇವರು ಮನೆಗೆ ಹೋಗುವುದಿಲ್ಲ. ಬಿಂದಿಗೆ ಹಿಡಿದು ತೂಬಿನ ಬಾಯಲ್ಲೇ ಮಲಗುತ್ತಾರೆ.

ಹೆಸರು ಬೇಡ ಎಂದ ದಾನಿ ಈ ಹದಿನೆಂಟು ವರ್ಷದಲ್ಲಿ ಒಬ್ಬರೇ ಒಬ್ಬರು ಸಿಕ್ಕಿದರು. ಬಟ್ಟೆ ಚೀಲವೊಂದನ್ನು ಮೇಜಿನ ಮೇಲಿಟ್ಟು, ರಸೀದಿಯೂ ಬೇಡ, ಯಾರೆಂದೂ ಕೇಳಬೇಡಿ ಎಂದು ಹೊರಟೇಬಿಟ್ಟರು. ನಾವೆಲ್ಲ ಕಣ್ಣೊರೆಸಿಕೊಂಡೆವು. ಆಡಿಟರು ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತರು. ಅನಾಮಧೇಯ ದೇಣಿಗೆ ಮಿತಿ ದಾಟಿದರೆ ಟ್ರಸ್ಟೇ ಶೇ. 30 ತೆರಿಗೆ ಕಟ್ಟಬೇಕಂತೆ! ಅದೂ ನಗದು, ನಗದಿನಲ್ಲಿ 2,000 ರೂಪಾಯಿ ದಾಟಿದರೆ ಕೊಟ್ಟವರಿಗೂ ತೆರಿಗೆ ವಿನಾಯಿತಿ ಇಲ್ಲ. ಸಾಕ್ಷಾತ್ ಕರ್ಣನೇ ಬಂದು ಕವಚ ಬಿಚ್ಚಿಕೊಟ್ಟರೂ ಮೊದಲು ಪ್ಯಾನ್ ನಂಬರ್ ಬರೆಸಿಕೊಳ್ಳತಕ್ಕದ್ದು. ಇವರು ಸ್ಕೂಟರಿನಲ್ಲಿ ಬನಶಂಕರಿಯವರೆಗೆ ಆ ಪುಣ್ಯಾತ್ಮರನ್ನು ಬೆನ್ನಟ್ಟಿ, ಅಡ್ಡಗಟ್ಟಿ, ಹೆಸರು ಕೇಳಿದರು. ಅವರು ನೊಂದುಕೊಂಡು ಚೀಲ ವಾಪಸು ತೆಗೆದುಕೊಂಡು ಹೋದರು.

ಉಳಿದವರೆಲ್ಲ ಹೆಸರು ಬೇಕೆನ್ನುವವರೇ. ತಪ್ಪೇನಿಲ್ಲ. ಹೆಸರು ಹಾಕಿಸಿಕೊಂಡೇ ದೊಡ್ಡ ಕೆಲಸ ಮಾಡಿದವರಿದ್ದಾರೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಅಂದರೆ ಐಐಎಸ್‌ಸಿಯ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ 425 ಕೋಟಿ ಘೋಷಿಸಿದ ಸುದ್ದಿ ಬಂದ ದಿನ ಇವರು ಪೇಪರನ್ನು ಕತ್ತರಿಸಿ ಆಫೀಸಿನ ಗೋಡೆಗೆ ಅಂಟಿಸಿದರು. ಇವತ್ತಿಗೂ ಬೆಳಿಗ್ಗೆ ಅದಕ್ಕೊಂದು ಊದುಬತ್ತಿ ಹಚ್ಚದೆ ಫೋನು ಮುಟ್ಟುವುದಿಲ್ಲ.

ನಮ್ಮ ತೊಂದರೆ ಬೇರೆ. ನಮ್ಮ ದಾನಿಗಳಿಗೆ ಯಂತ್ರವೇ ಆಗಬೇಕು. ಯಂತ್ರಕ್ಕೊಂದು ಮೈ ಇದೆ, ಮೈಗೆ ಹೆಸರಿನ ಪಟ್ಟಿ ಅಂಟುತ್ತದೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಆದರೆ ಸ್ವಾಮಿ, ಯಂತ್ರ ಕುಡಿಯುವುದು ನೀರನ್ನು. ಒಬ್ಬ ರೋಗಿಯ ನಾಲ್ಕು ಗಂಟೆಯ ಡಯಾಲಿಸಿಸ್ಸಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಲ್ಲಿ ನೀರು ನಡೆಯುವುದಿಲ್ಲ, ಆರ್‌ಓ ಘಟಕದಲ್ಲಿ ಸೋಸಿದ್ದೇ ಆಗಬೇಕು. ಆ ಘಟಕವೋ ಒಳಗೆ ಬಿಟ್ಟುಕೊಂಡದ್ದರಲ್ಲಿ ಒಂದಷ್ಟನ್ನು ಮೋರಿಗೆ ಚೆಲ್ಲದೆ ಒಂದು ಲೋಟವನ್ನೂ ಕೊಡುವುದಿಲ್ಲ. ದಿನಕ್ಕೆ ಮೂರು ಪಾಳಿ ಎಂದರೆ ಒಂದೊಂದು ಯಂತ್ರಕ್ಕೆ 360 ಲೀಟರ್. ಅದರ ಮೇಲೆ ಒಬ್ಬೊಬ್ಬರಿಗೂ ಫಿಲ್ಟರು, ಟ್ಯೂಬು, ಸೂಜಿ, ಹೆಪಾರಿನ್. ಸೂಜಿ ಚುಚ್ಚುವ ಹುಡುಗಿಗೆ ಸಂಬಳ. ಕರೆಂಟು ಬಿಲ್ಲು. ಇವುಗಳಲ್ಲಿ ಒಂದರ ಮೇಲಾದರೂ ಅಮೃತಶಿಲೆಯ ಫಲಕ ಕೂರುತ್ತದೆಯೇ ಹೇಳಿ? ಸಂಜೆಗೆಲ್ಲ ಮುಗಿದುಹೋಗುವ ವಸ್ತುಗಳು.

ನೀರಿಗೆ ದಾನಿ ಹುಡುಕಲು ಇವರು ಮಾಡದ ಉಪಾಯವಿಲ್ಲ. ವೀಳ್ಯದೆಲೆ ಮಾರಿ ದುಡಿದ ಹಣವನ್ನು ಕೆರೆ ಕಟ್ಟಲು ಸುರಿದ ಎಲೆ ಮಲ್ಲಪ್ಪ ಶೆಟ್ಟರ ಕಥೆ ಹೇಳುತ್ತಿದ್ದರು. ನೂರು ವರ್ಷ ದಾಟಿದರೂ ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸಿನವರು ಇವತ್ತಿಗೂ ಅವರ ಹೆಸರು ಹೇಳುತ್ತಾರೆ ಸಾರ್, ನೀರಿನ ಮೇಲೆ ಹೆಸರು ಬರೆದು ಉಳಿಸಿಕೊಂಡ ಪುಣ್ಯಾತ್ಮರು ಎನ್ನುತ್ತಿದ್ದರು. ಈ ಕಥೆ ಕೇಳಿ ಕಣ್ಣೀರು ಹಾಕಿದವರಿದ್ದಾರೆ. ಕಣ್ಣೊರೆಸಿಕೊಂಡು, ‘ಹಾಗಾದ್ರೆ ನಮ್ಮದೂ ಒಂದು ಯಂತ್ರ ಇರಲಿ’ ಎಂದವರೂ ಅವರೇ. ಈಗ ನಮ್ಮಲ್ಲಿ ಹದಿನಾಲ್ಕು ಯಂತ್ರಗಳಿವೆ, ಒಂಬತ್ತಕ್ಕೆ ಸಾಲುವಷ್ಟು ನೀರಿದೆ. ಉಳಿದ ಐದಕ್ಕೆ ದಸರೆಯಲ್ಲಿ ಅರಿಶಿನ ಕುಂಕುಮ ಹಚ್ಚುತ್ತೇವೆ.

ಇವತ್ತಿನ ಮಹಾದಾನಿಗಳು ಒಂದು ಕೋಟಿ ಕೊಡಲಿದ್ದಾರೆ. ಜೋರಾಗಿ ಚಪ್ಪಾಳೆ. ಇನ್ನೂ ಆರು ಯಂತ್ರ, ಮಿಕ್ಕ ಹಣದಲ್ಲಿ ಅವರ ತೀರ್ಥರೂಪರ ಭಾವಚಿತ್ರವಿರುವ ಸ್ವಾಗತಾಂಗಣ. ಒಂದೇ ಷರತ್ತು, ಆಡಳಿತ ವೆಚ್ಚಕ್ಕೆ ನಯಾಪೈಸೆ ಮುಟ್ಟುವಂತಿಲ್ಲ. ಆಡಳಿತ ವೆಚ್ಚ ಎಂದರೆ ಏನೆಂದು ಸಭೆಗೆ ಗೊತ್ತಿರಲಾರದು. ಸೂಜಿ ಚುಚ್ಚುವ ಆ ಹುಡುಗಿ ಆಡಳಿತ ವೆಚ್ಚ. ನೀರಿನ ಟ್ಯಾಂಕರು ಆಡಳಿತ ವೆಚ್ಚ. ಇಗೋ, ಇಲ್ಲಿ ಪೇಟ ತೊಟ್ಟು ಬೆವರುತ್ತಿದ್ದಾರಲ್ಲ, ಈ ಕೋಟಿಯನ್ನು ತಂದವರು, ಇವರೂ ಆಡಳಿತ ವೆಚ್ಚವೇ. ಯಾವ ದಾನಿಯೂ ಇವರ ಸಂಬಳಕ್ಕೆಂದು ಕೊಟ್ಟಿಲ್ಲವಾದ್ದರಿಂದ ತಾತ್ವಿಕವಾಗಿ ಇವರು ಹದಿನೆಂಟು ವರ್ಷದಿಂದ ಸಂಬಳವಿಲ್ಲದೆ ದುಡಿದಿದ್ದಾರೆ. ವಾಸ್ತವದಲ್ಲಿ ಮೂರು ತಿಂಗಳಿಂದ.

ಇಂಥವರಿಗೆ ಹಾವೇರಿಯ ಏಲಕ್ಕಿ ಹಾರ, ಮೈಸೂರು ಪೇಟ, ರೇಷ್ಮೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸಲು ನಮಗೆ...

ಏನಮ್ಮಾ? ಗೇಟಿಗೆ ಬಂತೇ ಕಾರು?

ಕ್ಷಮಿಸಬೇಕು. ಮಾನ್ಯ ಸನ್ಮಾನಿತರೇ, ಆ ಪೇಟ ಸ್ವಲ್ಪ ತೆಗೆದುಕೊಡಿ, ಒಳಗಡೆ ಬೆವರು ಒರೆಸಿ. ಹಾರವನ್ನು ಎಳೆಯಬೇಡಿ, ಏಲಕ್ಕಿ ಉದುರುತ್ತದೆ. ತರಿಸಿರುವುದು ಒಂದೇ ಸೆಟ್ಟು, ತಮಗೇ ಗೊತ್ತಲ್ಲ, ಬಿಲ್ಲು ಪಾಸು ಮಾಡಿಸಿದ್ದು ತಾವೇ. ಬುಟ್ಟಿಯಲ್ಲಿ ಒಂದು ಸೇಬು ಕಡಿಮೆ ಇದೆಯಲ್ಲ, ಯಾರದು ಈ ಕೆಲಸ? ಶಾಲು... ಶಾಲು ಎಲ್ಲಿ? ಸನ್ಮಾನಿತರೇ ಕಾಣಿಸುತ್ತಿಲ್ಲವಲ್ಲ!

ಅಯ್ಯೋ, ಕಾರಿನ ಬಾಗಿಲು ತೆಗೆಯಲು ಓಡಿದ್ದಾರೆ. ಶಾಲು ಹೊದ್ದುಕೊಂಡೇ ಓಡಿದ್ದಾರೆ. ಯಾರಾದರೂ ಹಿಂದಿನ ಬಾಗಿಲಿಂದ ಹೋಗಿ, ದಾನಿಗಳ ಕಣ್ಣಿಗೆ ಬೀಳುವ ಮೊದಲು... ಅಮ್ಮಾ, ನೀವು ಹಾರ್ಮೋನಿಯಂ ಹಿಡಿಯಿರಿ. ಪ್ರಾರ್ಥನೆ ಇನ್ನೊಂದು ಸಲ ಆಗಲಿ, ಮೊದಲಿಂದ.