ಮೋಟರ್ ಕಾಕಾ

ಗಡಹಿಂಗ್ಲಜದಲ್ಲಿ ಫುಟ್‌ಬಾಲ್ ಎರಡು ಬಗೆ. ಒಂದು ಮೈದಾನದಲ್ಲಿ ಹುಡುಗರ ಕಾಲಿಗೆ ಸಿಕ್ಕಿ ಹಾರುವಂಥದ್ದು. ಊರಿಗೆ ಹೆಸರು ತಂದದ್ದು ಅದು. ಇನ್ನೊಂದು ಬಾವಿಯೊಳಗೆ ಪೈಪಿನ ತುದಿಗೆ ಕೂತಿರುವ ಫುಟ್ ವಾಲ್ವ್. ನಮ್ಮ ಓಣಿಯವರ ಬಾಯಲ್ಲಿ ಅದೂ ಫುಟ್‌ಬಾಲೇ. ಈ ಎರಡನೆಯ ಆಟಕ್ಕೆ ಕ್ಯಾಪ್ಟನ್, ಕೋಚ್, ರೆಫ್ರಿ ಎಲ್ಲ ಮೋಟರ್ ಕಾಕಾ.

ಕಾಕಾ ಮೆಕ್ಯಾನಿಕ್ ಅಲ್ಲ. ಮೂವತ್ತು ವರ್ಷ ಫೈಲು ಕಟ್ಟಿ ನಿವೃತ್ತರಾದವರು. ಆದರೆ ಯಾರ ಮನೆಯ ನಳ ಕೆಮ್ಮಿದರೂ ಮೊದಲು ಹಾಜರು. ಅಂಗಿ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರ್. ಅದರ ತುದಿಯನ್ನು ಓಡುವ ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಾರೆ. “ಬೇರಿಂಗ್ ಅಳಾಕತ್ತೈತಿ, ತಮ್ಮಾ.”

ಒಮ್ಮೆ ಇಚಲಕರಂಜಿಯ ಬೀಗರು ಕರೆಸಿದ್ದರು. ಕಾಕಾ ಕಿವಿಗಿಟ್ಟರೆ ಕೇಳಿಸಿದ್ದು ಮೂರು ಓಣಿಯ ಮಗ್ಗಗಳ ಖಟಾಖಟ್. “ಈ ಮೋಟರ್ ಒಳಗ ಸೀರಿ ನೇಯಾಕತ್ತಾರ” ಎಂದು ಚಹಾ ಕುಡಿದು ಮರಳಿದರು.

ಪಂಪು ಯಾವ ಕಂಪನಿಯದೇ ಇರಲಿ, ಪುರಾಣ ಮಾತ್ರ ಕಿರ್ಲೋಸ್ಕರರದು: 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, 1910ರಲ್ಲಿ ಕಿರ್ಲೋಸ್ಕರವಾಡಿ. “ಗಾಲಿ ತಿರುಗಿದ್ದು ಕನ್ನಡದಾಗ, ನೀರ ಬಂದದ್ದು ಮರಾಠ್ಯಾಗ!” ಆದ್ದರಿಂದ ಮೋಟರನ್ನು ಎರಡೂ ಭಾಷೆಯಲ್ಲಿ ಬೈಯಬಹುದು ಎಂಬುದು ಅವರ ತೀರ್ಮಾನ, ಬೈಯುತ್ತಾರೆ ಕೂಡ.

ನಮ್ಮ ಮೋಟರಿನದು ಒಂದೇ ಹಠ: ನೀರು ಕೊಡುವ ಮೊದಲು ನೀರು ಕುಡಿಯಬೇಕು. ಅವ್ವ ಪಕ್ಕದ ಮನೆಯಿಂದ ಕೊಡ ತಂದು ತಂಬಿಗೆ ತಂಬಿಗೆ ಸುರಿಯಬೇಕು, ಕಾಕಾ ಎಣಿಸಬೇಕು. ಒಂದು ಬೇಸಿಗೆಯಲ್ಲಿ ಎಣಿಕೆ ಹದಿನೇಳಕ್ಕೆ ಹೋಯಿತು. ಪೈಪು ತುಂಬಿತು, ಮೋಟರೂ ಓಡಿತು, ನೀರು ಮಾತ್ರ ಬರಲಿಲ್ಲ. ಆಗ ಕಾಕಾ ಪಾಠ ತೆಗೆದರು: “ಮೋಟರ್ ನೀರ ಎಳೀತೈತಿ ಅಂತ ತಿಳಕೊಂಡೀರಿ. ಸುಳ್ಳ! ಅದು ಪೈಪಿನಾಗ ಜಾಗಾ ಖಾಲಿ ಮಾಡತೈತಿ, ಅಷ್ಟ. ಮ್ಯಾಲ ನೂಕೂದು ಹೊರಗಿನ ಗಾಳಿ. ಲೆಕ್ಕಕ್ಕ 34 ಅಡಿ, ಕೈಗೆ ಸಿಗೂದು 22.”

ಹಗ್ಗದ ಗಂಟು ಎಣಿಸಿ ಅವ್ವ ಹೇಳಿದಳು: “ನಮ್ಮ ನೀರು 28 ಅಡಿ ಕೆಳಗೈತಿ. ಹಂಗಾರ ಹದಿನೇಳ ತಂಬಿಗಿ ಯಾಕ ಸುರಿಸಿದ್ರಿ?”

“ಗಾಳಿಗೂ ಒಂದ ಚಾನ್ಸ್ ಕೊಡಬೇಕಲ್ಲ, ವೈನಿ.”

ಕೊನೆಗೆ ಬೇಸತ್ತು ಬಾವಿಗೆ ಸಬ್‌ಮರ್ಸಿಬಲ್ ಇಳಿಸಿದೆವು. ನೀರು ಕುಡಿಸಬೇಕಿಲ್ಲ, ಫುಟ್‌ಬಾಲೂ ಇಲ್ಲ. ಸ್ವಿಚ್ ಒತ್ತಿದರೆ ಟಾಕಿ ತುಂಬುತ್ತದೆ. ಕಾಕಾ ಬಂದು ಟೆಸ್ಟರ್ ಕೈಯಲ್ಲಿ ಹಿಡಿದು ಬಾವಿಯೊಳಗೆ ಬಹಳ ಹೊತ್ತು ಇಣುಕಿದರು. “ಮುಳುಗಿ ಕುಂತದ್ದರ ಸುಖ-ದುಃಖ ಯಾರ ಕೇಳಬೇಕು?” ಎಂದು ಹೊರಟವರು ಎರಡು ತಿಂಗಳು ಈ ಕಡೆ ಸುಳಿಯಲಿಲ್ಲ. ಮನೆಯಲ್ಲಿ ನೀರಿತ್ತು, ಯಾಕೋ ಹೊತ್ತೇ ಹೋಗುತ್ತಿರಲಿಲ್ಲ.

ಮೂರನೆಯ ತಿಂಗಳು ಒಂದು ಭಾನುವಾರ ಕಾಯಿಲ್ ಸುಟ್ಟಿತು. ಐದು ಜನ ಹಗ್ಗ ಹಿಡಿದೆವು. ಐವರೂ ಒಂದೊಂದು ಕಡೆ ಜಗ್ಗಿ, ಮೋಟರ್ ಬಾವಿಯ ಗೋಡೆಗೆ ತಾಗಿ ನಿಂತುಬಿಟ್ಟಿತು. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಪರಿಚಿತ ದನಿ: “ನಿಲ್ಲ್ರಿ! ಎಡಕ್ಕ ಬಿಡ್ರಿ... ಹಾಂ, ಈಗ ಎಳೀರಿ!”

ಕೆಸರು ಬಳಿದುಕೊಂಡ ಮೋಟರ್ ಮೇಲೆ ಬಂತು. ಕಾಕಾ ಟೆಸ್ಟರ್ ಹಚ್ಚಿ, ಕಿವಿಗೊಟ್ಟು, ಕಣ್ಣು ಮುಚ್ಚಿದರು. “ಪೂರಾ ಸತ್ತೈತಿ,” ಅಂದಾಗ ಮುಖದ ಮೇಲೆ ದೀಪಾವಳಿ. “ನಾಳೆ ಕೊಲ್ಲಾಪುರದ ಉದ್ಯಮನಗರಕ್ಕ ಒಯ್ದು ಕಾಯಿಲ್ ಕಟ್ಟಿಸೂಣು. ನಾನೂ ಬರತೇನಿ.”

ಅವ್ವ ಆಗಲೇ ಪಕ್ಕದ ಮನೆಯಿಂದ ಒಂದು ಕೊಡ ನೀರು ತಂದು ಚಹಾಕ್ಕೆ ಇಟ್ಟಿದ್ದಳು.