ಗುಲಗಂಜಿ ತೂಕದ ಸೈಕಲ್ಲು

ನಮ್ಮ ಅಡುಗೆಮನೆಯ ತಕ್ಕಡಿ ಕಾಣೆಯಾದದ್ದು ದೀಪಾವಳಿಯ ಹಿಂದಿನ ದಿನ. ಮೈಸೂರ್ ಪಾಕಿಗೆ ಕಡಲೆಹಿಟ್ಟು ತೂಗಬೇಕೆಂದು ನನ್ನಾಕೆ ಶೆಲ್ಫಿನ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಹುಡುಕಿದಳು. ಕೊನೆಗೆ ಸಿಕ್ಕಿದ್ದು ಮಹಡಿಯ ಮೇಲೆ, ಅವಳ ತಮ್ಮನ ಕೋಣೆಯಲ್ಲಿ. ತಕ್ಕಡಿಯ ಮೇಲೆ ಒಂದು ಸೈಕಲ್ ಸೀಟು ಕೂತಿತ್ತು. ಅದರೆದುರು ಬಾಮೈದ ಮಂಡಿಯೂರಿ, ಉಸಿರು ಬಿಗಿಹಿಡಿದು ಕೂತಿದ್ದ. ಉಸಿರು ಬಿಟ್ಟರೆ ಅಂಕಿ ಅಲ್ಲಾಡುತ್ತದಂತೆ.

"ತೊಂಬತ್ತಾರು!" ಅಂದ. ಹೆರಿಗೆ ಕೋಣೆಯಿಂದ ನರ್ಸಮ್ಮ ಹೊರಗೆ ಬಂದು ಮಗುವಿನ ತೂಕ ಹೇಳುತ್ತಾಳಲ್ಲ, ಅದೇ ದನಿ.

"ಏನೋ ಅದು ತೊಂಬತ್ತಾರು?"

"ಗ್ರಾಂ, ಭಾವ. ಪೂರಾ ಕಾರ್ಬನ್ನು. ಹಳೇ ಸೀಟು ಇನ್ನೂರ ಮೂವತ್ತಿತ್ತು."

ಮುಟ್ಟಿ ನೋಡಿದೆ. ಕರಿದ ಹಪ್ಪಳಕ್ಕೆ ಕಪ್ಪು ಬಣ್ಣ ಬಳಿದ ಹಾಗಿತ್ತು. ಮೆತ್ತೆ ಹೆಸರಿಗೂ ಇಲ್ಲ. "ಇದರ ಮೇಲೆ ಕೂತರೆ ನೋಯೋದಿಲ್ವೇನೋ?" ಅಂದೆ.

"ಇಳಿಜಾರಲ್ಲಿ ಹೇಗೂ ನಿಂತೇ ಇರೋದು, ಭಾವ."

"ಏರಿನಲ್ಲಿ?"

"ಏರಿನಲ್ಲಿ ಕಾಲು ನೋಯ್ತಿರುತ್ತಲ್ಲ, ಸೀಟಿನ ನೋವು ಗೊತ್ತಾಗಲ್ಲ."

ಈ ತರ್ಕಕ್ಕೆ ಉತ್ತರ ಕೊಡೋಕೆ ನನಗಂತೂ ಆಗಲಿಲ್ಲ. ನನ್ನಾಕೆ ಮಾತಾಡದೆ ಸೀಟನ್ನು ಎರಡು ಬೆರಳಲ್ಲಿ ಎತ್ತಿ ಮಂಚದ ಮೇಲಿಟ್ಟು, ತಕ್ಕಡಿ ಎತ್ತಿಕೊಂಡು ಕೆಳಗೆ ಹೋದಳು. ಮರುದಿನವೇ ಬಾಮೈದ ಚಿನಿವಾರರು ಇಟ್ಟುಕೊಳ್ಳುವಂಥ ಪುಟ್ಟ ತಕ್ಕಡಿಯೊಂದನ್ನು ತರಿಸಿಕೊಂಡ. ಗ್ರಾಮಿನ ನೂರನೇ ಒಂದು ಭಾಗವನ್ನೂ ಅದು ತೋರಿಸುತ್ತದೆ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ತೂಕವಿಲ್ಲದ ಮಾತೇ ಇಲ್ಲ.

ವಿಷಯ ಇಷ್ಟೇ. ಅಂಗಡಿಯಲ್ಲಿ ಸಿಗುವ ಸಾಧಾರಣ ಮೌಂಟನ್ ಬೈಕು 13–14 ಕೆಜಿ ತೂಗುತ್ತದೆ. ಇವನಿಗೆ ಎಂಟು ಕೆಜಿಯೊಳಗಿನದು ಬೇಕು. ಅಂಥದ್ದು ಸಿದ್ಧವಾಗಿ ಸಿಗುವುದು ಅಪರೂಪ, ಸಿಕ್ಕರೂ ಸೈಟು ಮಾರಬೇಕು. ಹಾಗಾಗಿ ಇವನೇ ಒಂದೊಂದು ಭಾಗ ತರಿಸಿ, ಕೊಯ್ದು, ಕೆರೆದು, ತೂತು ಹೊಡೆದು ಕಟ್ಟುತ್ತಾನಂತೆ. ರಸ್ತೆ ಪಂದ್ಯದ ಸೈಕಲ್ಲು 6.8 ಕೆಜಿಗಿಂತ ಹಗುರ ಇರಬಾರದೆಂದು 2000ದಿಂದ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಗೆರೆ ಎಳೆದಿದೆ. ಮೌಂಟನ್ ಬೈಕಿಗೆ ಆ ಗೆರೆಯಿಲ್ಲ. ಗೆರೆಯಿಲ್ಲದ ಕಡೆ ಹುಚ್ಚಿಗೆ ಬೇಲಿ ಎಲ್ಲಿಂದ ಬರಬೇಕು?

ನನಗೆ ನಗು ತರಿಸೋದು ಈ ಸೈಕಲ್ಲಿನ ವಂಶಾವಳಿ. ಇದರ ಮೂಲಪುರುಷರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದಷ್ಟು ಉದ್ದಗೂದಲಿನ ಹುಡುಗರು. ಗುಜರಿಯಿಂದ 1930–40ರ ದಶಕದ ಶ್ವಿನ್ ಸೈಕಲ್ಲುಗಳನ್ನು ಎತ್ತಿಕೊಂಡು ಬಂದು, ದಪ್ಪ ಟೈರು ಹಾಕಿ ಗುಡ್ಡದಿಂದ ಕೆಳಗೆ ಬಿಡುತ್ತಿದ್ದರು. ಒಂದೊಂದೂ ಇಪ್ಪತ್ತು ಕೆಜಿಯ ಆಸುಪಾಸು, ಅಂದರೆ ನಮ್ಮಪ್ಪನ ಕಾಲದ ಕಪ್ಪು ಸೈಕಲ್ಲಿನ ಅಣ್ಣತಮ್ಮಂದಿರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ಗುಡ್ಡದಲ್ಲಿ ಪಂದ್ಯವನ್ನೇ ಶುರು ಮಾಡಿದರು. ಮೂರು ಚಿಲ್ಲರೆ ಕಿಲೋಮೀಟರು, ಬರೀ ಇಳಿಜಾರು. ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹಾರಿಹೋಗಿರುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್' ಅಂತಲೇ ಹೆಸರು ಬಿತ್ತು. ಮರುವರ್ಷ ಜೋ ಬ್ರೀಜ್ ಅನ್ನುವವನು ಇದಕ್ಕೆಂದೇ ಹೊಸ ಫ್ರೇಮು ಬೆಸೆದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಈ ಹುಡುಗಾಟಕ್ಕೂ ಪದಕ ಬಂದುಬಿಟ್ಟಿತ್ತು. ಆ ಪುಣ್ಯಾತ್ಮರು ಒಂದು ಬೋಲ್ಟನ್ನಾದರೂ ತೂಗಿ ನೋಡಿದ್ದರೋ ಅಂತ ಬಾಮೈದನನ್ನು ಕೇಳಿದೆ.

"ಅವರು ಇಳೀತಿದ್ರು ಭಾವ, ನಾನು ಹತ್ತಬೇಕಲ್ಲ" ಅಂದ.

ಇರಲಿ. ಹಗುರದ ಹುಚ್ಚು ಇವನೊಬ್ಬನದಲ್ಲ ಅನ್ನುವುದೂ ನಿಜ. 1972ರಲ್ಲಿ ಬೆಲ್ಜಿಯಂನ ಎಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಗೆ 49.431 ಕಿ.ಮೀ. ತುಳಿದು ದಾಖಲೆ ಮಾಡಿದಾಗ, ಇಟಲಿಯ ಅರ್ನೆಸ್ಟೊ ಕೊಲ್ನಾಗೊ ಕಟ್ಟಿಕೊಟ್ಟ ಆ ಸೈಕಲ್ಲು ಆರು ಕೆಜಿಯೂ ಇರಲಿಲ್ಲ. ಚೈನಿಗೂ ತೂತು ಹೊಡೆದಿದ್ದರಂತೆ. ಆಮೇಲೆ ಆ ದಶಕದಲ್ಲಿ ಡ್ರಿಲ್ಲಿಂಗ್ ಮೆಷೀನು ಇದ್ದವರೆಲ್ಲ ಕಂಡಕಂಡ ಭಾಗಕ್ಕೆ ತೂತು ಹೊಡೆದರು. ಸೈಕಲ್ಲೋ ಜಾಲರಿ ಸೌಟೋ ಗೊತ್ತಾಗದ ಹಾಗೆ. ಈಗ ಸ್ವೀಡನ್ನಿನ ಗುಸ್ತಾವ್ ಗುಲ್‌ಹೋಮ್ ಅನ್ನುವವನು ಡೇಂಜರ್‌ಹೋಮ್ ಅಂತ ಹೆಸರಿಟ್ಟುಕೊಂಡು, ಲಕ್ಷಗಟ್ಟಲೆ ಬೆಲೆಯ ಹೊಸ ಕಾರ್ಬನ್ ಫ್ರೇಮಿನ ಬಣ್ಣವನ್ನು ಉಜ್ಜಿ ತೆಗೆದು ಬರಿಮೈಯಲ್ಲಿ ನಿಲ್ಲಿಸುತ್ತಾನೆ. ಬಣ್ಣಕ್ಕೂ ತೂಕವಿದೆ, ಸ್ವಾಮಿ! ಇದನ್ನು ನೋಡಿದ ಬಾಮೈದ ತಾರಸಿಯಲ್ಲಿ ಮೂರು ಭಾನುವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸುತ್ತ ಫ್ರೇಮಿಗೆ ಮರಳು ಕಾಗದ ಉಜ್ಜಿದ. ಉಳಿದದ್ದು 70 ಗ್ರಾಂ. ಒಣಹಾಕಿದ್ದ ನನ್ನಾಕೆಯ ಎರಡು ಸೀರೆಗೆ ಕರಿ ಪುಡಿ ಹತ್ತಿ ಹಾಳಾದದ್ದನ್ನು ಯಾವ ತಕ್ಕಡಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ದಿನ ನನ್ನನ್ನೂ ಪೀಣ್ಯಕ್ಕೆ ಎಳೆದುಕೊಂಡು ಹೋದ. ನಮ್ಮ ಬನಶಂಕರಿಯಿಂದ ಪೀಣ್ಯ ಅಂದರೆ ಊರಿನ ಈ ತುದಿಯಿಂದ ಆ ತುದಿ. ಅಲ್ಲಿನ ಗಲ್ಲಿಗಳಲ್ಲಿ ವಿಮಾನಕ್ಕೆ, ಉಪಗ್ರಹಕ್ಕೆ ಬಿಡಿಭಾಗ ಮಾಡಿಕೊಡುವವರಿದ್ದಾರೆ. ಹೊರಗಿನಿಂದ ನೋಡಿದರೆ ತಗಡಿನ ಶೆಡ್ಡು, ಒಳಗೆ ಸಿಎನ್‌ಸಿ ಮೆಷೀನು. ಶೆಡ್ಡಿನ ಯಜಮಾನರು ಕನ್ನಡಕ ಹಣೆಗೇರಿಸಿ, ಇವನು ಕೈಯಲ್ಲಿ ಬರೆದುಕೊಂಡು ಹೋಗಿದ್ದ ನಕ್ಷೆ ನೋಡಿದರು. ಸೀಟಿನ ಕಂಬಿಯನ್ನು ಹಿಡಿಯುವ ಕ್ಲ್ಯಾಂಪು, ಸೆವೆಂಟಿ ಸೆವೆಂಟಿಫೈವ್ ಅಲ್ಯೂಮಿನಿಯಂನಲ್ಲಿ.

"ರಾಕೆಟ್ಟಿಗಾ ಸಾರ್?"

"ಸೈಕಲ್ಲಿಗೆ."

ಯಜಮಾನರು ನನ್ನ ಮುಖ ನೋಡಿದರು. ಮದುವೆ ಮಾತುಕತೆಗೆ ಹೋದಾಗ ಹುಡುಗನಲ್ಲೇನೋ ಐಬು ಕಂಡರೆ ಹಿರಿಯರ ಮುಖ ನೋಡುತ್ತಾರಲ್ಲ, ಹಾಗೆ. ನಾನು ಚಾವಣಿ ನೋಡಿದೆ.

ಆದರೆ ಆಮೇಲೆ ನಡೆದದ್ದೇ ಬೇರೆ. ಬ್ರೇಕಿನ ಹಿಡಿಗೆ ಸಾಲಾಗಿ ತೂತು ಹೊಡೆಸಬೇಕು ಅಂತ ಇವನು ಅಂದದ್ದೇ ತಡ, ಯಜಮಾನರು ಎದ್ದು ನಿಂತರು. "ತೂತು ಎಲ್ಲಿ ಬೇಕಾದರೂ ಹೊಡೀಬಹುದು ಸಾರ್. ಹೊಡೀಬಾರದ ಜಾಗ ಗೊತ್ತಿರಬೇಕು" ಅಂತ ಶುರು ಮಾಡಿ ಅರ್ಧ ಗಂಟೆ ಪಾಠ ಹೇಳಿದರು. ಲೋಹದೊಳಗೆ ಬಲ ಹರಿಯುವುದು ಕಾಲುವೆಯ ನೀರಿನ ಹಾಗಂತೆ. ನಡುವೆ ತೂತಿದ್ದರೆ ಅದರ ಅಂಚನ್ನು ಬಳಸಿಕೊಂಡು ನುಗ್ಗುತ್ತದಂತೆ, ಆಗ ಅಂಚಿಗೇ ಹೊಡೆತ ಜಾಸ್ತಿ. ಅಂಚು ಹರಿತವಾಗಿದ್ದರೆ ಬಿರುಕು ಅಲ್ಲಿಂದಲೇ. ಅದಕ್ಕೇ ಚೇಂಫರ್ ಹೊಡೆದು ಅಂಚು ಮುರಿಯಬೇಕು, ತಿರುಗಣೆಯ ಹತ್ತಿರ ಮಾತ್ರ ಮುಟ್ಟಲೇಬಾರದು. ಇಷ್ಟು ಹೇಳಿ, ಹಿಡಿಯನ್ನು ಕೈಯಲ್ಲಿ ತೂಗಿ ನೋಡಿ, "ಇನ್ನೊಂದು ನಾಲ್ಕು ಗ್ರಾಂ ತೆಗೀಬಹುದು ನೋಡಿ" ಅಂದುಬಿಟ್ಟರು. ಕಾಯಿಲೆ ಅಂಟುಜಾಡ್ಯ ಅಂತ ನನಗೆ ಗೊತ್ತಾದದ್ದು ಆವತ್ತೇ. ಕೂಲಿ ಎಷ್ಟು ಅಂದರೆ ಕಾಫಿ ತರಿಸಿದರು.

ಬೋಲ್ಟುಗಳ ಕತೆ ಹೇಳದಿದ್ದರೆ ಬಾಮೈದನಿಗೆ ಅನ್ಯಾಯವಾಗುತ್ತದೆ. ಎರಡು ಬ್ರೇಕ್ ಡಿಸ್ಕುಗಳಿಗೆ ಆರಾರರಂತೆ ಹನ್ನೆರಡು ಬೋಲ್ಟು. ಉಕ್ಕಿನವು ಒಂದೊಂದು ಎರಡು ಗ್ರಾಂ. ಅದೇ ಅಳತೆಯ ಟೈಟಾನಿಯಂ ಬೋಲ್ಟು ಉಕ್ಕಿಗಿಂತ ನೂರಕ್ಕೆ ನಲವತ್ತರಷ್ಟು ಹಗುರ. ಹನ್ನೆರಡನ್ನೂ ಬದಲಾಯಿಸಿದರೆ ಉಳಿಯುವುದು ಹತ್ತು ಗ್ರಾಂ. ನಮ್ಮ ಅಜ್ಜಿಯ ಕಾಲದ ಅಕ್ಕಸಾಲಿಯ ಲೆಕ್ಕದಲ್ಲಿ ಒಂದು ತೊಲಕ್ಕೆ 96 ಗುಲಗಂಜಿ, 11.66 ಗ್ರಾಂ. ಅಂದರೆ ಇವನು ಉಳಿಸಿದ್ದು 82 ಗುಲಗಂಜಿ, ಒಂದು ತೊಲವೂ ಆಗಲಿಲ್ಲ. ಒಂದೊಂದು ಬೋಲ್ಟಿನ ಬೆಲೆಗೆ ಎರಡೆರಡು ಮಸಾಲೆ ದೋಸೆ ಬರುತ್ತಿತ್ತು. ದೋಸೆ ತಿಂದಿದ್ದರೆ ತೂಕ ಏರುತ್ತಿತ್ತು ಅನ್ನುವುದು ಅವನ ವಾದ; ಅದೂ ಸರಿಯೇ. ಅಲ್ಯೂಮಿನಿಯಂ ಬೋಲ್ಟು ಇನ್ನೂ ಹಗುರ. ಆದರೆ ಬ್ರೇಕಿಗೆ, ಹ್ಯಾಂಡಲಿಗೆ ಅದನ್ನು ಹಾಕುವುದಿಲ್ಲ, ತುಂಡಾದರೆ ಹಲ್ಲೂ ಉಳಿಯುವುದಿಲ್ಲ. ನೀರಿನ ಬಾಟಲಿಯ ಸ್ಟ್ಯಾಂಡಿಗೆ ಹಾಕಬಹುದು. ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಹುಟ್ಟಿದಾರಭ್ಯ ಸರಿಯಾಗಿ ಮುಚ್ಚದ ಈ ಹುಡುಗ, ಟಾರ್ಕ್ ರೆಂಚು ಹಿಡಿದು 'ಟಿಕ್' ಅನ್ನುವವರೆಗೆ ಅಷ್ಟೇ ತಿರುಗಿಸುವುದನ್ನು ಅವನ ಅಕ್ಕ ಬಾಗಿಲಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡಳು.

ಅಮೆರಿಕದ ಸೈಕಲ್ ತಜ್ಞ ಕೀತ್ ಬಾಂಟ್ರೇಗರ್ ಹೇಳಿದ್ದೆಂದು ಈ ವಲಯದಲ್ಲಿ ಒಂದು ಮಾತಿದೆ: ಗಟ್ಟಿ, ಹಗುರ, ಅಗ್ಗ ಈ ಮೂರರಲ್ಲಿ ಎರಡನ್ನು ಮಾತ್ರ ಕೇಳಬಹುದು. ನಮ್ಮ ಕಡೆ ವರ ಹುಡುಕಿದವರಿಗೆ ಇದು ಹೊಸ ಮಾತಲ್ಲ. ಒಳ್ಳೆ ಸಂಬಳ, ಸ್ವಂತ ಮನೆ, ಅತ್ತೆಯಿಲ್ಲದ ಸಂಸಾರ. ಎರಡು ಸಿಕ್ಕರೆ ಪುಣ್ಯ.

ಆರು ತಿಂಗಳಲ್ಲಿ ಸೈಕಲ್ಲು ಎರಡೂವರೆ ಕೆಜಿ ಇಳಿಯಿತು. ಟ್ಯೂಬುಗಳು ಹೋಗಿ, ಟೈರಿನೊಳಕ್ಕೆ ಮಕ್ಕಳ ಜ್ವರದ ಔಷಧಿಯ ಸಿರಿಂಜಿನಲ್ಲಿ ಹಾಲಿನಂಥ ದ್ರವ ಹೋಯಿತು. ಮುಂದಿನ ಎರಡು ಹಲ್ಲುಚಕ್ರಗಳ ಬದಲು ಒಂದೇ ಬಂತು. ಹ್ಯಾಂಡಲ್ಲನ್ನು 60 ಮಿ.ಮೀ. ಕೊಯ್ದು 13 ಗ್ರಾಂ ಗಳಿಸಿದ. ಚಕ್ರದ ರಿಮ್ಮು ಹಗುರಾದದ್ದಕ್ಕೆ ಮಾತ್ರ ವಿಶೇಷ ಸಂಭ್ರಮ. ರಿಮ್ಮು ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ಹಾಗಾಗಿ ವೇಗ ಏರಿಸುವಾಗ ಅಲ್ಲಿನ ಒಂದು ಗ್ರಾಂ ಬೇರೆ ಕಡೆಯ ಎರಡು ಗ್ರಾಮಿಗೆ ಸಮ. ಒಂದೇ ಸಮನೆ ಏರು ಹತ್ತುವಾಗ ಆ ಭೇದವಿಲ್ಲ, ಗ್ರಾಂ ಎಲ್ಲಿದ್ದರೂ ಗ್ರಾಮೇ. ಹೊಟ್ಟೆಯಲ್ಲಿದ್ದರೂ.

ನಾನು ಬಾಯಿ ಬಿಟ್ಟದ್ದು ಇಲ್ಲೇ. ಏಕೆಂದರೆ ಅದೇ ಆರು ತಿಂಗಳಲ್ಲಿ ಬಾಮೈದ ಮೂರು ಕೆಜಿ ಏರಿದ್ದ. ತುಳಿಯಲು ಸೈಕಲ್ಲು ಇಡಿಯಾಗಿ ಇದ್ದರೆ ತಾನೆ? ಹಗಲಿಡೀ ಆಫೀಸಿನ ಕುರ್ಚಿ, ರಾತ್ರಿಯಿಡೀ ಬಿಡಿಭಾಗ ಹುಡುಕುವ ಕುರ್ಚಿ, ಪಕ್ಕದಲ್ಲಿ ಚಕ್ಕುಲಿ ಡಬ್ಬ. ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಸವಾರ, ಸೈಕಲ್ಲು ಸೇರಿ 95 ಕೆಜಿ ಇದ್ದರೆ, ಒಂದು ಕೆಜಿ ಇಳಿದರೆ ನೂರಕ್ಕೆ ಒಂದು. ಒಂದು ಗಂಟೆಯ ಕಡಿದಾದ ಏರಿನಲ್ಲಿ ಉಳಿಯುವುದು ನಲವತ್ತು ಸೆಕೆಂಡಿನ ಆಸುಪಾಸು. "ಚಕ್ಕುಲಿ ಬಿಟ್ಟಿದ್ದರೆ ಇದು ಪುಕ್ಕಟೆ ಸಿಗ್ತಿತ್ತು ಕಣೋ" ಅಂದೆ. ಕಾಗದವನ್ನು ಗಂಭೀರವಾಗಿ ನೋಡಿ, "ಚಕ್ಕುಲಿಗೆ ಟೈಟಾನಿಯಂ ಹೊಳಪು ಇರಲ್ಲ, ಭಾವ" ಅಂದ.

ಕೊನೆಗೂ ಒಂದು ಭಾನುವಾರ ಸೈಕಲ್ಲು ಕೊಕ್ಕೆ ತಕ್ಕಡಿಗೆ ನೇತುಬಿದ್ದು 7.94 ತೋರಿಸಿತು. ತುರಹಳ್ಳಿ ಕಾಡಿನ ಅಂಚಿನ ಮಣ್ಣುಹಾದಿಯಲ್ಲಿ ಅದರ ಗೃಹಪ್ರವೇಶ. ನಾನು ಅಪ್ಪನ ಕಪ್ಪು ಸೈಕಲ್ಲಲ್ಲಿ ಹಿಂಬಾಲಿಸಬೇಕೆಂದು ಆಜ್ಞೆಯಾಯಿತು. ಯಾಕೆ ಅಂತ ಗೊತ್ತಾದದ್ದು ಹೊರಡುವಾಗ. ಪಂಪು, ಪಾನಾಗಳು, ಬೀಗ, ಎರಡು ನೀರಿನ ಬಾಟಲಿ, ಪಂಕ್ಚರು ಸಾಮಾನು, ಅವನ ಫೋನು, ಕೊನೆಗೆ ಕೊಕ್ಕೆ ತಕ್ಕಡಿ ಕೂಡ ನನ್ನ ಕ್ಯಾರಿಯರ್ ಮೇಲಿನ ಚೀಲಕ್ಕೆ ಇಳಿದವು. ಅವನ ಸೈಕಲ್ಲು ಹಗುರಾದದ್ದರ ಗುಟ್ಟು ಏನೆಂದರೆ ನನ್ನದು ಭಾರವಾದದ್ದು.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಅರ್ಧ ಗಂಟೆಯಲ್ಲಿ ಅವನ ಹೆಸರಾಂತ ಟೈರುಗಳು ಕೆಮ್ಮಣ್ಣು ಮೆತ್ತಿಕೊಂಡು ರಾಗಿಮುದ್ದೆಯಾದವು. ಫೋರ್ಕಿನ ಸಂದಿ, ಹಲ್ಲುಚಕ್ರ, ಆ ತೊಂಬತ್ತಾರರ ಸೀಟಿನ ಹೊಟ್ಟೆ, ಎಲ್ಲ ಕಡೆ ಮಣ್ಣು. ನನ್ನ ಚೀಲದಿಂದ ತಕ್ಕಡಿ ತೆಗೆದು ಮರದ ಕೊಂಬೆಗೆ ಕಟ್ಟಿ ತೂಗಿದೆವು. 8.71. ಏಳುನೂರ ಎಪ್ಪತ್ತು ಗ್ರಾಂ ತುರಹಳ್ಳಿ! ಆರು ತಿಂಗಳ ಬೋಲ್ಟು, ಬಣ್ಣ, ಹ್ಯಾಂಡಲ್ಲು ಎಲ್ಲಾ ಕೂಡಿದರೂ ಅಷ್ಟಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಅವನು ಬಂಡೆಯ ಮೇಲೆ ಕೂತ. ನನ್ನ ಸೈಕಲ್ಲಿಗೂ ಮಣ್ಣು ಹತ್ತಿತ್ತು. ಅದಕ್ಕೆ ಗೊತ್ತೇ ಆಗಿರಲಿಲ್ಲ.

ಬೇಸರ ಕಳೆಯಲೆಂದು ಅವನು ಸೈಕಲ್ಲನ್ನು ನನ್ನ ಕೈಗೆ ಕೊಟ್ಟ. "ಒಂದೇ ಬೆರಳಲ್ಲಿ ಎತ್ತಿ, ಭಾವ." ಎತ್ತಿದೆ. ಎದ್ದಿತು, ಮಣ್ಣಿನ ಸಮೇತ, ನಿದ್ದೆಗಣ್ಣಿನ ಕೂಸಿನ ಹಾಗೆ. ಹತ್ತಿ ಒಂದು ಸುತ್ತು ಬಂದೆ. ಆ ಸುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಿದರೆ ಇಷ್ಟು ಹೊತ್ತು ಆಡಿಕೊಂಡದ್ದೆಲ್ಲ ನೀರಲ್ಲಿ ಹೋಮ.

ಆ ರಾತ್ರಿ ಊಟವಾದ ಮೇಲೆ ಕಾರು ಶೆಡ್ಡಿಗೆ ಹೋಗಿ ಅಪ್ಪನ ಸೈಕಲ್ಲಿನ ಸ್ಟ್ಯಾಂಡು ಬಿಚ್ಚಿದೆ. ಎರಡು ಕಾಲಿನ, ಹಳೇ ಕಾಲದ ಗಟ್ಟಿ ಉಕ್ಕಿನ ಸ್ಟ್ಯಾಂಡು. ಬಟ್ಟೆಯಲ್ಲಿ ಒರೆಸಿ, ಮೆಲ್ಲಗೆ ಇಟ್ಟೆ. ಅಂಕಿ ಎಂಟುನೂರರ ಸುತ್ತ ಅಲ್ಲಾಡುತ್ತಿತ್ತು.

"ರೀ, ತಕ್ಕಡಿ ನೋಡಿದ್ರಾ?" ಅಡುಗೆಮನೆಯಿಂದ ನನ್ನಾಕೆ ಕೂಗಿದಳು.

ನಾನು ಉಸಿರು ಬಿಗಿಹಿಡಿದೆ.